ಗಾಯಗೊಂಡ ಹದ್ದು, ಗೂಬೆ ಸಿಕ್ಕಿದರೆ ಮೊದಲು ರಟ್ಟಿನ ಡಬ್ಬ ಹುಡುಕಿ

ಎಲ್ಲರೂ ಕೊಕ್ಕಿಗೆ ಹೆದರುತ್ತಾರೆ. ನಿಜವಾದ ಅಪಾಯ ಇರುವುದು ಕಾಲಲ್ಲಿ. ಉಗುರು ಒಮ್ಮೆ ಕೈಗೆ ನಾಟಿದರೆ ಬಿಡಿಸುವುದು ಸುಲಭವಲ್ಲ. ಹಾಗಾಗಿ ದಪ್ಪ ಟವೆಲನ್ನು ಹಿಂದಿನಿಂದ ತಲೆ ಸಮೇತ ಹೊದಿಸಿ, ರೆಕ್ಕೆಗಳನ್ನು ಮೈಗೆ ಸೇರಿಸಿ ಹಿಡಿದು ಎತ್ತಿ. ಕಣ್ಣಿಗೆ ಕತ್ತಲಾದ ಕೂಡಲೇ ಅರ್ಧ ಗಲಾಟೆ ನಿಲ್ಲುತ್ತದೆ. ಗಾಳಿಗೆ ತೂತು ಮಾಡಿದ ರಟ್ಟಿನ ಡಬ್ಬ, ತಳಕ್ಕೆ ಹಳೆ ಬಟ್ಟೆ, ಸದ್ದಿಲ್ಲದ ಮೂಲೆ. ಇಷ್ಟೇ ಸಾಕು. ತಂತಿ ಪಂಜರ ಮಾತ್ರ ಬೇಡ, ಬಡಿದಾಡಿ ಗರಿ ಮುರಿದುಕೊಳ್ಳುತ್ತದೆ.

ಪಾಪ ಅಂತ ಹಾಲು, ಬ್ರೆಡ್ ಕೊಡಬೇಡಿ. ಬಾಯಿಗೆ ನೀರು ಹುಯ್ದರೆ ಶ್ವಾಸಕೋಶಕ್ಕೇ ಹೋಗಬಹುದು. ಸೆಲ್ಫಿ ಆಸೆಗೆ ಪದೇ ಪದೇ ಡಬ್ಬ ತೆಗೆದು ನೋಡುವುದೂ ಅದಕ್ಕೆ ಹಿಂಸೆಯೇ.

ಗೂಬೆ ಮರಿಗಳ ಕಥೆ ಬೇರೆ. ಹಾರಲು ಬರುವ ಮೊದಲೇ ಗೂಡು ಬಿಟ್ಟು ನೆಲಕ್ಕಿಳಿಯುವುದು ಕೆಲವು ಜಾತಿಗಳಲ್ಲಿ ಮಾಮೂಲು. ಗಾಯವಿಲ್ಲದಿದ್ದರೆ ಹತ್ತಿರದ ಕೊಂಬೆಗೆ ಕೂರಿಸಿ ಬನ್ನಿ, ತಾಯಿ ಅಲ್ಲೇ ಎಲ್ಲೋ ಇರುತ್ತದೆ.

ಇನ್ನು ಕಾನೂನು. ಈ ಹಕ್ಕಿಗಳನ್ನು ಕಾಯಲು ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಬ್ರಿಟನ್ನಿನಲ್ಲಿ 1981ರ ಕಾಯ್ದೆ, ಅಮೆರಿಕದಲ್ಲಿ 1918ರದ್ದು. ಬೇರೆ ಬಹಳಷ್ಟು ದೇಶಗಳಲ್ಲೂ ಇಂಥ ಹಕ್ಕಿಗಳಿಗೆ ರಕ್ಷಣೆ ಇದೆ. ಕಾಪಾಡಿ ಒಪ್ಪಿಸುವುದು ಬೇರೆ, ಸಾಕಿಕೊಳ್ಳುವುದು ಬೇರೆ, ಅಲ್ವಾ? ಡಬ್ಬ ಮುಚ್ಚಿದ ತಕ್ಷಣ ಅರಣ್ಯ ಇಲಾಖೆಗೋ ವನ್ಯಜೀವಿ ರಕ್ಷಣಾ ಕೇಂದ್ರಕ್ಕೋ ಫೋನ್ ಮಾಡಿ. ಎಲ್ಲಿ, ಎಷ್ಟು ಹೊತ್ತಿಗೆ ಸಿಕ್ಕಿತು ಅಂತ ಡಬ್ಬದ ಮೇಲೇ ಬರೆದಿಡಿ. ವಾಸಿಯಾದ ಮೇಲೆ ಅದೇ ಜಾಗಕ್ಕೆ ಬಿಡಲು ಅವರಿಗೆ ಅದು ಬೇಕು.