ಬೇರೆಯವರಿಗಾದ ಅನ್ಯಾಯ ಕಂಡಾಗ ಶಿಕ್ಷೆಯ ನಿರ್ಧಾರ ಮಾಡುವುದು ಹೇಗೆ?

ತನಗೆ ನಷ್ಟವಾಗದಿದ್ದರೂ ಇನ್ನೊಬ್ಬರಿಗಾದ ಅನ್ಯಾಯಕ್ಕಾಗಿ ಕೈಯಿಂದ ಕಳೆದುಕೊಂಡು ಶಿಕ್ಷಿಸಲು ಜನ ಮುಂದಾಗುತ್ತಾರೆ. ಎರ್ನ್ಸ್ಟ್ ಫೆರ್ ಮತ್ತು ಉರ್ಸ್ ಫಿಶ್‌ಬಾಕರ್ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಬ್ಬರ ಬಳಿ ಎರಡನೆಯವರೊಂದಿಗೆ ಇಷ್ಟಬಂದಷ್ಟು ಹಂಚಿಕೊಳ್ಳಬಹುದಾದ 100 ಅಂಕಗಳಿದ್ದವು, ಎರಡನೆಯವರ ಬಳಿ ಏನೂ ಇರಲಿಲ್ಲ, ನೋಡುತ್ತಿದ್ದ ಮೂರನೆಯವರ ಬಳಿ 50 ಇದ್ದವು. ಮೂರನೆಯವರು ತಮ್ಮ ಒಂದು ಅಂಕ ಬಿಟ್ಟುಕೊಟ್ಟರೆ ಮೊದಲನೆಯವರ ಮೂರು ಅಂಕ ಕಡಿತವಾಗುತ್ತಿತ್ತು. ಅರ್ಧಕ್ಕಿಂತ ಕಡಿಮೆ ಹಂಚಿದವರನ್ನು ಶಿಕ್ಷಿಸಲು ಬಹುಪಾಲು ಮಂದಿ ಸಿದ್ಧರಿದ್ದರು. ಸಹೋದ್ಯೋಗಿಯ ಕೆಲಸದ ಶ್ರೇಯಸ್ಸನ್ನು ಮತ್ತೊಬ್ಬರು ಕಸಿದುಕೊಂಡದ್ದನ್ನು ಕಂಡಾಗ ನೀವು ನಿಂತಿರುವುದೂ ಈ ಮೂರನೆಯವರ ಜಾಗದಲ್ಲೇ.

ಮೊದಲು, ನಿಮ್ಮ ಸಂಯಮ ಯಾವುದನ್ನು ತಡೆಹಿಡಿಯುತ್ತಿದೆ ಎಂದು ಕೇಳಿಕೊಳ್ಳಿ. ಸಂಯಮವೆಂದರೆ ಸಿಟ್ಟನ್ನು ನುಂಗುವುದು ಎಂಬ ಗ್ರಹಿಕೆ ಅರ್ಧಸತ್ಯ. ಡಾರಿಯಾ ನೋಖ್ ಮತ್ತು ಸಂಗಡಿಗರು 2006ರಲ್ಲಿ, ಮಿದುಳಿನ ಮುಂಭಾಗದ ಬಲಬದಿಯ ಒಂದು ಪ್ರದೇಶದ ಚಟುವಟಿಕೆಯನ್ನು ಕಾಂತೀಯ ಪ್ರಚೋದನೆಯಿಂದ ತಗ್ಗಿಸಿದಾಗ, ತಮ್ಮ ಮುಂದಿಟ್ಟ ಪಾಲು ಅನ್ಯಾಯದ್ದೆಂದು ಬಲ್ಲವರೂ ಅದನ್ನು ತಿರಸ್ಕರಿಸದೆ ಹೆಚ್ಚಾಗಿ ಒಪ್ಪಿಕೊಂಡರು. ಆ ಆಟದಲ್ಲಿ ಪಾಲನ್ನು ತಿರಸ್ಕರಿಸಿದರೆ ಹಂಚಿದವರಿಗೂ ಪಡೆಯುವವರಿಗೂ ಏನೂ ಸಿಗುತ್ತಿರಲಿಲ್ಲ, ಹಾಗಾಗಿ ತಿರಸ್ಕಾರವೇ ಶಿಕ್ಷೆ. ಇಲ್ಲಿ ತೀರ್ಮಾನಿಸಿದವರು ನೋಡುಗರಲ್ಲ, ಅನ್ಯಾಯಕ್ಕೆ ಒಳಗಾದವರೇ ಎಂಬ ವ್ಯತ್ಯಾಸ ಇದ್ದೇ ಇದೆ. ಆದರೂ ಸ್ವಲಾಭದ ಸೆಳೆತವನ್ನು ಮೀರಿ ಅನ್ಯಾಯವನ್ನು ಎದುರಿಸಲು ಸಂಯಮವೇ ಬೇಕಾಗಬಹುದು ಎಂಬುದು ಇದರಿಂದ ತೋರುತ್ತದೆ. ಆದ್ದರಿಂದ ‘ನನಗೇಕೆ ಉಸಾಬರಿ’ ಎಂದು ಸುಮ್ಮನಾಗುವಾಗ, ಅದು ತಾಳ್ಮೆಯೋ ಅಥವಾ ಬಡ್ತಿ ತಪ್ಪೀತೆಂಬ ಭಯವೋ ಎಂದು ಪ್ರಾಮಾಣಿಕವಾಗಿ ಗುರುತಿಸಿಕೊಳ್ಳಿ. ನನ್ನ ಮಟ್ಟಿಗೆ ಈ ಇಡೀ ವಿಚಾರದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೊಂದಿಲ್ಲ.

ಆಮೇಲೆ, ಕಂಡದ್ದನ್ನು ಆಗಲೇ ಬರೆದಿಡಿ. ಶಿಕ್ಷೆ ಎಷ್ಟಿರಬೇಕೆಂಬುದನ್ನು ಮಾತ್ರ ಮುಂದೂಡಿ. ವೆರೋನಿಕಾ ಗ್ರಿಮ್ ಮತ್ತು ಫ್ರೀಡರಿಕೆ ಮೆಂಗೆಲ್ 2011ರಲ್ಲಿ ಇಂಥದೇ ಆಟದಲ್ಲಿ ತೋರಿಸಿದಂತೆ, ಸುಮಾರು ಹತ್ತು ನಿಮಿಷ ಕಾದ ಮೇಲೆ ಅಲ್ಪ ಪಾಲನ್ನು ತಿರಸ್ಕರಿಸುವವರ ಸಂಖ್ಯೆ ಗಣನೀಯವಾಗಿ ಇಳಿಯಿತು. ಕಾಯುವುದರಿಂದ ದುಡುಕು ತಪ್ಪುತ್ತದೆ, ನ್ಯಾಯದ ಸಿಟ್ಟೂ ಆರಿಹೋಗಬಹುದು. ಮೊದಲೇ ಬರೆದಿಟ್ಟ ವಿವರ ಈ ಎರಡನೆಯ ನಷ್ಟವನ್ನು ತಡೆಯುತ್ತದೆ.

ದಣಿದಿದ್ದೆ, ಹಾಗಾಗಿ ಹಿಡಿತ ತಪ್ಪಿತು ಎಂಬ ಸಮಜಾಯಿಷಿಯನ್ನು ಹೆಚ್ಚು ನೆಚ್ಚಬೇಡಿ. ಸಂಯಮ ಬಳಸಿದಂತೆ ಬರಿದಾಗುತ್ತದೆ ಎಂಬ ಹೆಸರಾಂತ ವಾದವನ್ನು 23 ಪ್ರಯೋಗಾಲಯಗಳು 2,000ಕ್ಕೂ ಹೆಚ್ಚು ಜನರಲ್ಲಿ ಮತ್ತೆ ಪರೀಕ್ಷಿಸಿ 2016ರಲ್ಲಿ ವರದಿ ಮಾಡಿದಾಗ, ಪರಿಣಾಮ ಶೂನ್ಯಕ್ಕೆ ಸಮೀಪವಿತ್ತು.

ಕೊನೆಯದಾಗಿ, ನೀವು ತೆರಲು ಸಿದ್ಧವಿರುವ ಬೆಲೆ ಯಾರ ಕಡೆಗೆ ಹೋಗಬೇಕೆಂದು ನಿರ್ಧರಿಸಿ. ಸಿಟ್ಟು ತಪ್ಪಿತಸ್ಥರತ್ತ ಎಳೆಯುತ್ತದೆ, ಮರುಕ ನೊಂದವರತ್ತ. ಮೇಲಧಿಕಾರಿಗೆ ದೂರು ಕೊಡುವ ಮುನ್ನ ನೊಂದ ಸಹೋದ್ಯೋಗಿಯನ್ನು ಪ್ರತ್ಯೇಕವಾಗಿ ಕಂಡು, ಅವರಿಗೆ ಬೇಕಿರುವುದು ಎದುರಾಳಿಗೆ ದಂಡನೆಯೋ, ತಮ್ಮ ಹೆಸರು ದಾಖಲೆಯಲ್ಲಿ ಸರಿಯಾಗುವುದೋ ಎಂದು ವಿಚಾರಿಸಿ. ಎರಡನೆಯದಾದರೆ, ಆ ಕೆಲಸ ಅವರದೇ ಎಂದು ನಿಮ್ಮ ಹೆಸರಿನಲ್ಲಿ ಲಿಖಿತ ಸಾಕ್ಷ್ಯ ಕೊಡಿ.