ಗೋಣಿಚೀಲದಲ್ಲಿ ಮೂರು ಡೀಸೆಲ್ ಪಂಪು, ಇಂಜಿನ್ನು ಒಂದೇ

ಹೋದ ವರ್ಷ ಆಯುಧಪೂಜೆಗೆ ಇನ್ನೂ ಮೂರು ವಾರ ಇತ್ತು. ಗುಬ್ಬಿ ಕಡೆಯ ಒಬ್ಬ ಹುಡುಗ ಬೈಕಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು ನಮ್ಮ ಶೆಡ್ಡಿಗೆ ಬಂದ. ಚೀಲ ನೆಲಕ್ಕೆ ಇಟ್ಟ ಸದ್ದಿಗೇ ಗೊತ್ತಾಯಿತು, ಒಳಗೆ ಬೀಡು ಕಬ್ಬಿಣ ಇದೆ ಅಂತ. "ಅಣ್ಣಾ, ನಮ್ಮ ತಾತನ ಇಂಜಿನ್ ಇದೆ, ಬಾವಿ ಹತ್ರ. ಹಬ್ಬದ ದಿನ ಒಂದ್ಸಲ ಸ್ಟಾರ್ಟ್ ಮಾಡ್ಬೇಕು. ಡೀಸೆಲ್ ಪಂಪು ಬಿಚ್ಚಿಟ್ಟಿದಾರೆ. ಅಟ್ಟದ ಮೇಲೆ ಹುಡುಕಿದ್ರೆ ಮೂರು ಸಿಕ್ತು. ಇದ್ರಲ್ಲಿ ಯಾವುದು ನೋಡಿ."

ಡೀಸೆಲ್ ಪಂಪು ಅಂದರೆ ಬಾವಿಯ ನೀರೆತ್ತುವುದಲ್ಲ, ಇಂಜಿನ್ನಿಗೆ ಡೀಸೆಲ್ ಅಳೆದು ಒತ್ತಿ ಕೊಡುವ ಸಣ್ಣ ಪಂಪು. ಅಷ್ಟೇ ಕೆಲಸ. ನಾನು ಹತ್ತು ನಿಮಿಷದ್ದು ಅಂದುಕೊಂಡೆ, ಎರಡು ದಿನ ಹಿಡಿಯಿತು.

ಇಂತಹ ಸಾಮಾನು ಕೈಗೆ ಬಂದಾಗ ನಾನು ಮೊದಲು ಸಾಮಾನು ನೋಡುವುದಿಲ್ಲ, ಇಂಜಿನ್ ನೋಡುತ್ತೇನೆ. ಹುಡುಗ 'ಲಿಸ್ಟರ್' ಅಂದ. ನಮ್ಮ ಕಡೆ ಎರಡು ದೊಡ್ಡ ಚಕ್ರ ಇರುವ, ನಿಧಾನಕ್ಕೆ ಡುಗ್ ಡುಗ್ ಅನ್ನುವ ಇಂಜಿನ್ನಿಗೆಲ್ಲ ಲಿಸ್ಟರ್ ಅಂತಲೋ ಪೆಟ್ಟರ್ ಅಂತಲೋ ಹೇಳಿಬಿಡುತ್ತಾರೆ. ಅದು ಇಂಗ್ಲೆಂಡಿನ ಡರ್ಸ್ಲಿಯಿಂದ ಬಂದ ಅಸಲಿಯೂ ಆಗಿರಬಹುದು, ಗುಜರಾತಿನ ರಾಜಕೋಟೆಯಲ್ಲಿ ಅದನ್ನೇ ನೋಡಿ ಎರಕ ಹೊಯ್ದದ್ದೂ ಆಗಿರಬಹುದು. ತೋಟಕ್ಕೆ ಹೋಗಿ ನೋಡಿದರೆ ಹೆಸರಿನ ಪಟ್ಟಿ ಇರಲಿಲ್ಲ, ಅದು ಕೂತಿದ್ದ ಜಾಗದಲ್ಲಿ ಎರಡು ರಿವೆಟ್ ತೂತು ಮಾತ್ರ. ವಾಲ್ವ್ ಹಿಡಿದುಕೊಂಡಿದ್ದವು, ಹಾಗಾಗಿ ಹೆಡ್ಡು ಹೇಗೂ ಬಿಚ್ಚಬೇಕಿತ್ತು. ಬಿಚ್ಚಿದಾಗ ಅಳೆದೆ. ಬೋರು (ಸಿಲಿಂಡರಿನ ಒಳ ಅಗಲ) 114.3 ಮಿ.ಮೀ., ಸ್ಟ್ರೋಕು (ಪಿಸ್ಟನ್ ಓಡುವ ದೂರ) 139.7. ಅಂದರೆ ನಾಲ್ಕೂವರೆ ಇಂಚು, ಐದೂವರೆ ಇಂಚು. ಲಿಸ್ಟರ್ 6/1ರ ಅಳತೆ ಸರಿಯಾಗಿ ಇದೇ. 6 ಹಾರ್ಸ್ ಪವರ್, 1 ಸಿಲಿಂಡರ್, ನಿಮಿಷಕ್ಕೆ 650 ಸುತ್ತು. ರಾಜಕೋಟೆಯವುಗಳಲ್ಲಿ 120 ಬೋರಿನದೂ ಸಿಗುತ್ತದೆ, ಇದು ಅದಲ್ಲ. ಅಸಲಿಯೋ ನಕಲಿಯೋ ಅನ್ನುವ ಜಗಳಕ್ಕೆ ನಾನು ಹೋಗಲಿಲ್ಲ, ಪಂಪು ಹುಡುಕಲು ಅದು ಬೇಕಾಗಿಯೂ ಇರಲಿಲ್ಲ.

ಈಗ ಚೀಲ. ಮೊದಲನೆಯ ಪಂಪು ತಿರುಗಿಸಿ ತಳ ನೋಡಿದೆ, ರೋಲರ್ ಇತ್ತು. ಅದು ಕ್ಯಾಮಿನ (ತಿರುಗುತ್ತಾ ಪಂಪನ್ನು ಒತ್ತುವ ಉಬ್ಬು) ಮೇಲೆ ನೇರ ಕೂತು ಓಡುವ ಪಂಪು. ಈ ಇಂಜಿನ್ನಿನಲ್ಲಿ ಕ್ಯಾಮಿನ ಒತ್ತನ್ನು ಪಂಪಿಗೆ ಮುಟ್ಟಿಸುವ ಟ್ಯಾಪೆಟ್ ಇಂಜಿನ್ನಿನ ಒಳಗೇ ಇದೆ, ಪಂಪಿನ ಕೆಳಗೆ ರೋಲರ್ ಇರುವ ಹಾಗೇ ಇಲ್ಲ. ಪಕ್ಕಕ್ಕಿಟ್ಟೆ.

ಉಳಿದ ಎರಡೂ ನೋಡಲು ಅಣ್ಣತಮ್ಮ. ಇಂಜಿನ್ನಿಗೆ ಕೂರುವ ಫ್ಲಾಂಜು ಒಂದೇ, ಬೋಲ್ಟು ತೂತು ಒಂದೇ, ಎತ್ತರ ಕೂಡ ಒಂದೇ. ಒಂದರ ಮೇಲೆ ಗ್ರೀಸು, ಧೂಳು, ಹಲ್ಲಿ ಮೊಟ್ಟೆಯ ಸಿಪ್ಪೆ. ಇನ್ನೊಂದು ಹೊಸದರ ಹಾಗೆ, ನಂಬರು ಕೂಡ ಓದಲು ಬರುತ್ತಿತ್ತು: ಪಿಎಫ್ 1 ಎ 70. "ಇದೇ ಅಣ್ಣಾ, ನಮ್ಮ ದೊಡ್ಡಪ್ಪ ಬೆಂಗಳೂರಿಂದ ತಂದಿದ್ದು, ಕಂಪನಿದು" ಅಂದ ಹುಡುಗ.

ಈ ನಂಬರು ಜರ್ಮನಿಯ ಬಾಷ್ ಕಂಪನಿಯವರ ಲೆಕ್ಕ. ನಮ್ಮ ಬೆಂಗಳೂರಿನ ಮೈಕೋ 1951ರಲ್ಲಿ ಶುರುವಾದದ್ದೇ ಬಾಷ್ ಜೊತೆ ಸೇರಿ, ಹಾಗಾಗಿ ಇಲ್ಲಿ ಸಿಗುವ ಎಷ್ಟೋ ಪಂಪುಗಳ ಮೇಲೆ ಇದೇ ಭಾಷೆ. ಪಿ ಅಂದರೆ ಪಂಪು. ಎಫ್ ಅಂದರೆ ತನ್ನದೇ ಕ್ಯಾಮ್ ಇಲ್ಲ, ಇಂಜಿನ್ನಿನ ಕ್ಯಾಮಿನಿಂದ ಓಡುತ್ತದೆ. ಸ್ವಂತ ಕ್ಯಾಮ್ ಇದ್ದರೆ ಪಿಇ ಅಂತ ಇರುತ್ತದೆ. ಆರ್ ಸೇರಿ ಪಿಎಫ್ಆರ್ ಆದರೆ ರೋಲರ್ ಉಂಟು. 1 ಅಂದರೆ ಒಂದು ಸಿಲಿಂಡರಿಗೆ. ಎ ಅನ್ನುವುದು ಗಾತ್ರ. 70 ಅಂದರೆ ಪ್ಲಂಜರ್, ಒಳಗೆ ಮೇಲೆ ಕೆಳಗೆ ಓಡಿ ಡೀಸೆಲ್ ಒತ್ತುವ ಕಡ್ಡಿ, 7.0 ಮಿ.ಮೀ. ದಪ್ಪ. ಇಷ್ಟನ್ನು ಬಾಯಿಪಾಠ ಮಾಡಿದರೆ ಗುಜರಿ ಅಂಗಡಿಯಲ್ಲಿ ನಿಮ್ಮ ಮರ್ಯಾದೆ ಜಾಸ್ತಿಯಾಗುತ್ತದೆ, ಆದರೆ ಈ ಪಂಪು ಯಾವ ಇಂಜಿನ್ನಿನದು ಅಂತ ಮಾತ್ರ ಗೊತ್ತಾಗುವುದಿಲ್ಲ. ನಂಬರು ಹೊಡೆದದ್ದು ಬಾಡಿಯ ಮೇಲೆ. ಒಳಗಿನ ಎಲಿಮೆಂಟು, ಅಂದರೆ ಪ್ಲಂಜರ್ ಮತ್ತು ಅದು ಓಡುವ ಕೊಳವೆ ಬ್ಯಾರಲ್, ಈ ಜೋಡಿ, ಮೂವತ್ತು ನಲವತ್ತು ವರ್ಷದಲ್ಲಿ ಎಷ್ಟು ಸಲ ಬದಲಾಗಿದೆಯೋ ಯಾರಿಗೆ ಗೊತ್ತು? ಹಳೇ ಪಂಪಿನಲ್ಲಿ ನಾನು ಪಟ್ಟಿಯ ಮಾತು ಅರ್ಧ ಮಾತ್ರ ನಂಬುತ್ತೇನೆ.

ಹಾಗಾದರೆ ಏನು ನೋಡಬೇಕು? ರ‍್ಯಾಕು. ಪಂಪಿನ ಪಕ್ಕದಿಂದ ಹಲ್ಲಿರುವ ಒಂದು ಕಡ್ಡಿ ಆಚೆ ಈಚೆ ಓಡಾಡುತ್ತದಲ್ಲ, ಅದೇ. ಪ್ಲಂಜರ್ ಪ್ರತಿ ಸಲ ಮೇಲೆ ಹೋಗುವುದು ಅಷ್ಟೇ ದೂರ, ಅದು ಬದಲಾಗಲ್ಲ. ರ‍್ಯಾಕು ಸರಿದಾಗ ಪ್ಲಂಜರ್ ನಿಂತಲ್ಲೇ ತಿರುಗುತ್ತದೆ. ಅದರ ಮೈಮೇಲೆ ಓರೆಯಾಗಿ ಕೊರೆದ ಒಂದು ಅಂಚು, ಒಂದು ನೇರ ಗೀರು ಇರುತ್ತದೆ. ಓರೆ ಅಂಚು ಬ್ಯಾರಲ್ಲಿನ ತೂತಿಗೆ ಎಷ್ಟು ಬೇಗ ಎದುರಾಗುತ್ತದೋ ಅಷ್ಟು ಬೇಗ ಡೀಸೆಲ್ ವಾಪಸ್ ಹೋಗಿಬಿಡುತ್ತದೆ. ನೇರ ಗೀರೇ ತೂತಿಗೆ ಎದುರಾದರೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಝಲ್ಲಿಗೆ ಏನೂ ಹೋಗಲ್ಲ, ಇಂಜಿನ್ ನಿಲ್ಲುತ್ತದೆ. ಈ ಓರೆಯನ್ನು ಬಲಕ್ಕೂ ಕೊರೆಯುತ್ತಾರೆ, ಎಡಕ್ಕೂ ಕೊರೆಯುತ್ತಾರೆ. ಹೊರಗಿನಿಂದ ಎರಡಕ್ಕೂ ಕೂದಲಷ್ಟು ವ್ಯತ್ಯಾಸ ಕಾಣಲ್ಲ. ಆದರೆ ಒಂದರಲ್ಲಿ ರ‍್ಯಾಕು ಹೊರಗೆ ಎಳೆದರೆ ಡೀಸೆಲ್ ಜಾಸ್ತಿ, ಇನ್ನೊಂದರಲ್ಲಿ ಹೊರಗೆ ಎಳೆದರೆ ಬಂದ್.

ಇಂಜಿನ್ನಿಗೆ ಯಾವುದು ಬೇಕು ಅನ್ನುವುದನ್ನು ಇಂಜಿನ್ನೇ ಹೇಳುತ್ತದೆ. ಓಟವನ್ನು ಹಿಡಿತದಲ್ಲಿಡುವುದು ಗವರ್ನರ್, ಪಂಪಿನ ಆ ಹಲ್ಲಿನ ಕಡ್ಡಿಯನ್ನು ಸರಿಸುವುದು ಅದರ ಸನ್ನೆಯೇ. ಪಂಪು ಇಲ್ಲದೆ ನಿಂತ ಇಂಜಿನ್ನಿನಲ್ಲಿ ಗವರ್ನರ್ ಸ್ಪ್ರಿಂಗು ತನ್ನ ಸನ್ನೆಯನ್ನು ಯಾವ ಕಡೆ ಎಳೆದು ಇಟ್ಟಿದೆಯೋ ಅದು ಡೀಸೆಲ್ ಜಾಸ್ತಿಯ ಕಡೆ, ಯಾಕೆಂದರೆ ನಿಂತ ಇಂಜಿನ್ನಿಗೆ ಗವರ್ನರ್ ಕೇಳುವುದು 'ಇನ್ನೂ ಕೊಡು' ಅಂತಲೇ. ಓಟ ಜಾಸ್ತಿಯಾದಾಗ ಗವರ್ನರಿನ ತಿರುಗುವ ತೂಕಗಳು ಅಗಲವಾಗಿ ಸ್ಪ್ರಿಂಗನ್ನು ಸೋಲಿಸಿ ಅದನ್ನು ಎದುರು ಕಡೆಗೆ ತಳ್ಳುತ್ತವೆ. ನಮ್ಮ ಇಂಜಿನ್ನಿನಲ್ಲಿ ಸನ್ನೆ ಹೊರಗೆ ಎಳೆದುಕೊಂಡಿತ್ತು. ಅಂದರೆ ರ‍್ಯಾಕು ಹೊರಗಿದ್ದಾಗ ಡೀಸೆಲ್ ಬರಬೇಕು, ಒಳಗೆ ಹೋದಾಗ ನಿಲ್ಲಬೇಕು.

ಶೆಡ್ಡಿಗೆ ವಾಪಸ್ ಬಂದು ವೈಸಿಗೆ ಪಂಪು ಹಿಡಿದೆ. ಮೇಲೆ ಒಂದು ಬಾಟಲಿ ಡೀಸೆಲ್ ನೇತು ಹಾಕಿ, ಗಾಳಿ ತೆಗೆದು, ಕೆಳಗಿನಿಂದ ಸನ್ನೆಯಲ್ಲಿ ಒತ್ತುತ್ತಾ ಹೋದೆ. ನಾಝಲ್ ಹಾಕಿರಲಿಲ್ಲ, ಪೈಪಿನ ತುದಿ ಮಾತ್ರ. ನಾಝಲ್ ಹಾಕಿ ಮಾಡುವವರು ಅದರ ಮುಂದೆ ಬೆರಳು ತರಬೇಡಿ, ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಅದು ಆಸ್ಪತ್ರೆಯ ಕೆಲಸ.

ದೊಡ್ಡಪ್ಪನ 'ಕಂಪನಿ' ಪಂಪು: ರ‍್ಯಾಕು ಒಳಗೆ ತಳ್ಳಿದರೆ ಚಿರ್ರ್ ಅಂತ ಡೀಸೆಲ್, ಹೊರಗೆ ಎಳೆದರೆ ಒಂದು ಹನಿ ಇಲ್ಲ. ಪೂರ್ತಿ ಉಲ್ಟಾ. ಇದನ್ನು ಇಂಜಿನ್ನಿಗೆ ಹಾಕಿದ್ದರೆ ಮೊದಲು ಸ್ಟಾರ್ಟೇ ಆಗುತ್ತಿರಲಿಲ್ಲ. ನಿಜವಾದ ಅಪಾಯ ಆಮೇಲೆ. ಸ್ಟಾರ್ಟ್ ಆಗ್ತಿಲ್ಲ ಅಂತ ಯಾರಾದರೂ ರ‍್ಯಾಕನ್ನು ಕೈಯಿಂದ ಒಳಗೆ ಒತ್ತಿ ಹ್ಯಾಂಡಲ್ ಹೊಡೆದರೆ ಇಂಜಿನ್ ಹಿಡಿಯುತ್ತದೆ, ಓಟ ಏರುತ್ತದೆ, ಗವರ್ನರ್ ಕಮ್ಮಿ ಮಾಡೋಣ ಅಂತ ಒಳಗೆ ತಳ್ಳುತ್ತದೆ, ಡೀಸೆಲ್ ಇನ್ನೂ ಜಾಸ್ತಿ ಹೋಗುತ್ತದೆ. 650ಕ್ಕೆ ಮಾಡಿದ ಬೀಡಿನ ಚಕ್ರ ಮಿತಿ ಮೀರಿ ತಿರುಗಿದರೆ ಒಡೆಯುತ್ತದೆ. ಪಂಪ್‌ಹೌಸಿನ ಗೋಡೆ ಅದಕ್ಕೆ ಲೆಕ್ಕವೇ ಅಲ್ಲ.

ಸರಿ, ಹಾಗಾದರೆ ಹಲ್ಲಿ ಮೊಟ್ಟೆಯದೇ ಗೆದ್ದಿತು ಅಂದುಕೊಂಡು ಅದನ್ನು ವೈಸಿಗೆ ಹಿಡಿದೆ. ಹೊರಗೆ ಎಳೆದೆ, ಡೀಸೆಲ್ ಬಂತು. ಒಳಗೆ ತಳ್ಳಿದೆ, ಆಗಲೂ ಬಂತು! ಎಲ್ಲಿಗೆ ಸರಿಸಿದರೂ ನಿಲ್ಲಲೇ ಇಲ್ಲ. ಇದೊಳ್ಳೆ ಕಥೆಯಾಯ್ತಲ್ಲ ಅಂದುಕೊಂಡೆ. ಮೂರರಲ್ಲಿ ಮೂರೂ ಹೋದವು, ಹುಡುಗನಿಗೆ ಫೋನ್ ಮಾಡಿ ಬೇರೆ ತರಬೇಕು ಅಂತ ಹೇಳುವವನಿದ್ದೆ.

ಮಾರನೇ ದಿನ ಹೆಡ್ಡು ಕೂರಿಸಲು ತೋಟಕ್ಕೆ ಹೋದಾಗ ಅವರ ಅಜ್ಜಿ ಕಾಫಿ ತಂದರು. ಸುಮ್ನೆ ಕೇಳಿದೆ, ಇದು ಯಾಕೆ ನಿಂತಿತು ಅಜ್ಜಿ, ಕರೆಂಟ್ ಬಂದಿದ್ದಕ್ಕಾ? "ಕರೆಂಟು ಆಮೇಲೆ ಬಂತಪ್ಪ. ಅದನ್ನ ರಿಪೇರಿ ಮಾಡಿಸ್ಕೊಂಡು ಬಂದ ದಿನ ಹುಚ್ಚು ಹಿಡಿದಂಗೆ ಓಡ್ತು. ನಿಲ್ಸಾಕೇ ಆಗ್ಲಿಲ್ಲ. ಇವರು ಗೋಣಿಚೀಲ ಒದ್ದೆ ಮಾಡಿ ಅದರ ಬಾಯಿಗೆ ತುರುಕಿ ನಿಲ್ಸಿದ್ರು. ಅವತ್ತಿಂದ ಅದರ ಹತ್ರ ಯಾರನ್ನೂ ಬಿಡಲಿಲ್ಲ."

ನನಗೆ ಕಾಫಿ ಅಲ್ಲೇ ತಣ್ಣಗಾಯಿತು. ರಿಪೇರಿ ಮಾಡಿಸಿಕೊಂಡು ಬಂದ ದಿನ! ಅಂದರೆ ಯಾರೋ ಪಂಪು ಬಿಚ್ಚಿ, ತೊಳೆದು, ತಪ್ಪು ಜೋಡಿಸಿದ್ದಾರೆ. ಪ್ಲಂಜರಿನ ಕೆಳಗೆ ಎರಡು ಕಿವಿ ಇರುತ್ತವೆ, ಒಂದರ ಮೇಲೆ ಸಣ್ಣ ಗುರುತು. ಅದು ಪ್ಲಂಜರನ್ನು ತಿರುಗಿಸುವ ತೋಳಿನ (ಸ್ಲೀವ್) ಗುರುತಿಗೆ ಎದುರಾಗಿ ಕೂರಬೇಕು. ಆದರೆ ಅರ್ಧ ಸುತ್ತು ತಿರುಗಿಸಿ ಹಾಕಿದರೂ ಅದು ನೆಟ್ಟಗೆ ಕೂರುತ್ತದೆ, ಬೇಡ ಅನ್ನುವುದಿಲ್ಲ. ಹಾಗೆ ಹಾಕಿದರೆ ನೇರ ಗೀರು ತೂತಿನ ಎದುರಿಗೆ ಬರುವುದೇ ಇಲ್ಲ, ಡೀಸೆಲ್ ಬಂದ್ ಆಗುವುದೂ ಇಲ್ಲ. ರ‍್ಯಾಕು ಮತ್ತು ಹಲ್ಲುಚಕ್ರಕ್ಕೂ ಇದೇ ತರ ಗುರುತು ಇರುತ್ತದೆ, ಅದೂ ತಾಳೆಯಾಗಬೇಕು.

ಸಂಜೆ ಬಿಚ್ಚಿದೆ. ಗುರುತು ಎದುರು ಮಗ್ಗುಲಲ್ಲಿ ಇತ್ತು. ತೊಳೆದು, ಸರಿಯಾಗಿ ತಿರುಗಿಸಿ ಹಾಕಿ, ಮತ್ತೆ ಬಾಟಲಿ ನೇತು ಹಾಕಿದೆ. ಹೊರಗೆ ಎಳೆದರೆ ಡೀಸೆಲ್, ಒಳಗೆ ತಳ್ಳಿದರೆ ಒಣ. ಆಹಾ.

ಇಷ್ಟಕ್ಕೇ ಬಿಡಬಹುದಿತ್ತು, ಆದರೆ ಎಲಿಮೆಂಟು ಬೇರೆ ಸಣ್ಣ ಇಂಜಿನ್ನಿನದು ಆಗಿದ್ದರೆ? ಅದಕ್ಕೊಂದು ಲೆಕ್ಕ ಇಟ್ಟುಕೊಂಡಿದ್ದೇನೆ. 6 ಹಾರ್ಸ್ ಪವರಿಗೆ ಪೂರ್ತಿ ಲೋಡಿನಲ್ಲಿ ಗಂಟೆಗೆ ಸುಮಾರು 1.4 ಲೀಟರ್ ಹಿಡಿಯಿರಿ. 650 ಸುತ್ತಿಗೆ, ಪಂಪು ಒತ್ತುವುದು ಎರಡು ಸುತ್ತಿಗೊಮ್ಮೆ, ನಿಮಿಷಕ್ಕೆ 325 ಸಲ. ಗಂಟೆಗೆ 19,500 ಸಲ. ಭಾಗಿಸಿದರೆ ನೂರು ಸಲಕ್ಕೆ 7 ಎಂ.ಎಲ್. ಚಿಲ್ಲರೆ. ಅದೇ 1500 ಸುತ್ತಿನ 5 ಹಾರ್ಸ್ ಪವರ್ ಇಂಜಿನ್ನಿಗೆ ಇದೇ ಲೆಕ್ಕ ಹಾಕಿದರೆ ನೂರು ಸಲಕ್ಕೆ 3 ಎಂ.ಎಲ್. ಕೂಡ ಬರಲ್ಲ. ನಿಧಾನದ ಇಂಜಿನ್ ಅಪರೂಪಕ್ಕೆ ಉಣ್ಣುತ್ತದೆ, ಉಂಡಾಗ ಹೊಟ್ಟೆ ತುಂಬಾ ಉಣ್ಣುತ್ತದೆ. ಮೆಡಿಕಲ್ ಸ್ಟೋರಿನಿಂದ 20 ಎಂ.ಎಲ್. ಸಿರಿಂಜು ತಂದು ನೂರು ಸಲ ಒತ್ತಿ ಅಳೆದೆ, ರ‍್ಯಾಕು ಪೂರ್ತಿ ಹೊರಗಿಟ್ಟು. 9 ಬಂತು. ಕೈಯಲ್ಲಿ ಒತ್ತುವುದು ಕ್ಯಾಮಿನಷ್ಟು ಚುರುಕಲ್ಲ, ಅಳತೆ ಆಚೀಚೆ ಆಗುತ್ತದೆ, ಆದರೂ 3ಕ್ಕೂ 9ಕ್ಕೂ ತಪ್ಪುವ ಪ್ರಶ್ನೆಯೇ ಇಲ್ಲ. ಕೊನೆಗೆ ಫ್ಲಾಂಜಿನ ತಳ ಉಜ್ಜಿದಾಗ ಇಂಜಿನ್ನಿನ ಹಸಿರು ಬಣ್ಣವೇ ಸಿಕ್ಕಿತು. ಬಣ್ಣ ಮೊದಲೇ ನೋಡಬಾರದಿತ್ತಾ ಅಂತ ಹುಡುಗ ಕೇಳಿದ. ಈ ಇಂಜಿನ್ನುಗಳಲ್ಲಿ ಅರ್ಧಕ್ಕರ್ಧ ಹಸಿರೇ ಕಣಪ್ಪ ಅಂದೆ.

ನಾಝಲ್ಲಿಗೆ ಕಷ್ಟ ಆಗಲಿಲ್ಲ. ಮೇಲೆ ಡಿಎನ್ ಅಂತ ಇತ್ತು, ಅಂದರೆ ಮೂತಿಯಲ್ಲಿ ಕಡ್ಡಿ ಇರುವುದು. ಹೆಡ್ಡಿನಲ್ಲಿ ಬೇರೆ ಕೋಣೆ ಇರುವ ಇಂಜಿನ್ನಿಗೆ ಅದೇ ಸರಿ. ಡಿಎಲ್ಎಲ್ ಅಂತ ಇದ್ದಿದ್ದರೆ ತೂತಿನ ನಾಝಲ್, ಪಿಸ್ಟನ್ ಮೇಲೇ ನೇರ ಹೊಡೆಯುವ ಇಂಜಿನ್ನಿಗೆ.

ಹಬ್ಬದ ಹಿಂದಿನ ದಿನ ಕೂರಿಸಿದೆವು. ಪಂಪಿನ ತಲೆಯ ಡೆಲಿವರಿ ವಾಲ್ವ್ ತೆಗೆದು, ಚಕ್ರ ನಿಧಾನಕ್ಕೆ ತಿರುಗಿಸುತ್ತಾ ಡೀಸೆಲ್ ಹರಿಯುವುದು ನಿಂತ ಜಾಗವನ್ನು (ಪಂಪು ಒತ್ತಲು ಶುರು ಮಾಡುವುದು ಅಲ್ಲೇ) ಚಕ್ರದ ಗುರುತಿಗೆ ತಾಳೆ ಮಾಡಿ, ಟ್ಯಾಪೆಟ್ ಸ್ಕ್ರೂ ಬಿಗಿ ಮಾಡಿದೆ. ಗಾಳಿ ಎಳೆಯುವ ಬಾಯಿಯ ಅಳತೆಗೆ ಒಂದು ಹಲಗೆ ಕೊಯ್ದು ಹುಡುಗನ ಕೈಗೆ ಕೊಟ್ಟು ನಿಲ್ಲಿಸಿದೆ, ಅಕಸ್ಮಾತ್ ಓಡಿದರೆ ಮುಚ್ಚಲು. ಗೋಣಿಚೀಲ ಬೇಡ, ಅದನ್ನು ಎಳೆದುಕೊಂಡುಬಿಡುತ್ತದೆ. ಅಜ್ಜಿ ಹತ್ತಿರ ಬರಲಿಲ್ಲ, ಹುಣಸೆ ಮರದ ಹತ್ತಿರ ನಿಂತಿದ್ದರು. ಮೂರನೇ ಹ್ಯಾಂಡಲ್ಲಿಗೆ ಹಿಡಿಯಿತು. ಸ್ವಲ್ಪ ಬಿಳಿ ಹೊಗೆ, ಆಮೇಲೆ ಡುಗ್ ಡುಗ್, ಗವರ್ನರ್ ಸನ್ನೆ ಒಳಗೆ ಸರಿದು ನಿಂತಿತು. ಅಜ್ಜಿ ಎರಡು ನಿಮಿಷ ಕಾದು ಆಮೇಲೆ ಕುಂಕುಮದ ತಟ್ಟೆ ತಂದರು.

ದೊಡ್ಡಪ್ಪನ ಪಂಪು ಗುಜರಿಗೆ ಹಾಕಬೇಡ ಅಂದಿದ್ದೇನೆ. ಎಲಿಮೆಂಟು ಬದಲಾಯಿಸಿದರೆ ಬಾಡಿ ಇದಕ್ಕೇ ಆಗುತ್ತದೆ, ಇಲ್ಲದಿದ್ದರೆ ಗವರ್ನರ್ ಎದುರು ಕಡೆ ಎಳೆಯುವ ಇನ್ಯಾವುದೋ ಇಂಜಿನ್ನಿಗೆ ಹಾಗೇ ನಡೆಯುತ್ತದೆ. ತಗಡಿನ ಚೂರಿಗೆ ಮೊಳೆಯಲ್ಲಿ ಗೀಚಿ ತಂತಿಯಲ್ಲಿ ಕಟ್ಟಿಕೊಟ್ಟೆ: 'ರ‍್ಯಾಕು ಹೊರಗೆ ಎಳೆದರೆ ಬಂದ್. ತಾತನ ಇಂಜಿನ್ನಿಗೆ ಹಾಕಬೇಡಿ.'