ಗೇಟು ಇರುವುದು ನದಿಗೆ, ಕಾಲುವೆಗಲ್ಲ: ನೆರೆ ಕಾಲುವೆಯ ಲೆಕ್ಕ ಹಾಕುವಾಗ

ನೆರೆನೀರನ್ನು ಊರಿನ ಹೊರಗಿನಿಂದ ಸುತ್ತಿಸಿ ಸಾಗಿಸುವ ಕಾಲುವೆಯ ನಕ್ಷೆ ಕೈಗೆ ಬಂದರೆ ನಾನು ಮೊದಲು ನೋಡುವುದು ಅದರ ಬಾಯಿ. ಅಗಲ, ಆಳ ಆಮೇಲೆ. ಎಷ್ಟೇ ದೊಡ್ಡ ಕಾಲುವೆ ತೋಡಿದರೂ ನದಿಯ ಮಟ್ಟ ಬಾಯಿಯ ಹತ್ತಿರ ಸಾಕಷ್ಟು ಏರದಿದ್ದರೆ ನೀರು ಹಳೆಯ ದಾರಿಯಲ್ಲೇ ಊರಿನೊಳಗೆ ಹೋಗುತ್ತದೆ.

ಇದಕ್ಕೆ ನಾನು ಪಾಠವಾಗಿ ಇಟ್ಟುಕೊಂಡಿರುವುದು ಕೆನಡಾದ ವಿನ್ನಿಪೆಗ್. ಅಲ್ಲಿ ರೆಡ್ ನದಿಯ 1950ರ ನೆರೆಗೆ ಸುಮಾರು ಒಂದು ಲಕ್ಷ ಜನ ಮನೆ ಬಿಟ್ಟರು. ಆಮೇಲೆ 1962ರಿಂದ 1968ರವರೆಗೆ 47 ಕಿ.ಮೀ. ಉದ್ದದ ಕಾಲುವೆ ತೋಡಿದರು. ಕಾಲುವೆಯ ಬಾಯಿಗೆ ಗೇಟಿಲ್ಲ, ನದಿಯ ತಳಕ್ಕಿಂತ ಎತ್ತರದ ಹೊಸ್ತಿಲು ಮಾತ್ರ. ಎರಡು ಗೇಟುಗಳು, ತಲಾ ಸುಮಾರು 34 ಮೀಟರ್ ಅಗಲ, ನದಿಯೊಳಗೇ ಮುಳುಗಿ ಕೂತಿವೆ. ಅವನ್ನು ಮೇಲೆತ್ತಿದಾಗ ಹಿಂದೆ ನೀರು ಏರಿ ಕಾಲುವೆಗೆ ಹೊರಳುತ್ತದೆ. ಏರಿದ ನೀರು ಪಕ್ಕದಿಂದ ಸುತ್ತಿಬಂದು ಊರಿಗೆ ನುಗ್ಗದಿರಲು ಪಶ್ಚಿಮಕ್ಕೆ ಉದ್ದನೆಯ ಮಣ್ಣಿನ ಏರಿ ಬೇಕಾಯಿತು. ಮೇಲಿನ ಹಳ್ಳಿಗಳಲ್ಲಿ ಕಾಲುವೆಯೇ ಇಲ್ಲದಿದ್ದರೆ ಬರುತ್ತಿದ್ದ ಮಟ್ಟಕ್ಕಿಂತ ಹೆಚ್ಚು ನಿಲ್ಲಿಸಬಾರದು ಎಂಬುದು ಸಾಮಾನ್ಯ ನೆರೆಗೆ ಅಲ್ಲಿನ ನಿಯಮ. ಮಂಜುಗಡ್ಡೆ ಸರಾಗವಾಗಿ ಹರಿಯತೊಡಗುವವರೆಗೂ ಸಾಧಾರಣವಾಗಿ ಗೇಟು ಎತ್ತುವುದಿಲ್ಲ. ಗಡ್ಡೆ ಕಾಲುವೆಗೆ ಹೊಕ್ಕರೆ ಸೇತುವೆಗಳ ಕಂಬಕ್ಕೆ ಸಿಕ್ಕಿ ಅಣೆಕಟ್ಟಾಗಿ ಬಿಡುತ್ತದೆ.

ಮೊದಲ ವಿನ್ಯಾಸ 60,000 ಕ್ಯೂಸೆಕ್‌ಗೆ. 1997ರ ನೆರೆ ಅದನ್ನೂ ಮೀರಿತು. ಹಿಗ್ಗಿಸಿ 1.4 ಲಕ್ಷಕ್ಕೆ ಏರಿಸುವಾಗ ಹೆಚ್ಚಾಗಿ ಅಗಲ ಮಾಡಿದರು, ಆಳ ಮಾಡಲಿಲ್ಲ. ಆಳಕ್ಕೆ ಹೋದರೆ ಕೆಳಗಿನ ಅಂತರ್ಜಲಕ್ಕೆ ತೊಂದರೆ, ಸುತ್ತಲಿನ ಬಾವಿಗಳಿಗೂ.

ಇನ್ನು ಲೆಕ್ಕ. ಕಾಲುವೆಯ ಆಕಾರ, ಇಳಿಜಾರು, ಒರಟುತನ ಕೊಟ್ಟರೆ ನೀರಿನ ವೇಗ ಹೇಳುವ ಮ್ಯಾನಿಂಗ್ ಸೂತ್ರ ಸಾಕು. ಒರಟುತನದ ಅಂಕಿ ಹೆಚ್ಚಿದಷ್ಟೂ ನೀರಿಗೆ ತಡೆ ಹೆಚ್ಚು. ಉದಾಹರಣೆಗೆ ತಳ 20 ಮೀ., ನೀರಿನ ಆಳ 3 ಮೀ., ಪಕ್ಕದ ಇಳಿಜಾರು 2:1 (ಎರಡು ಅಡ್ಡಕ್ಕೆ ಒಂದು ಎತ್ತರ), ಉದ್ದದ ಇಳಿಜಾರು 2,500ಕ್ಕೆ 1. ಹುಲ್ಲು ಕತ್ತರಿಸಿಟ್ಟ ಮಣ್ಣಿನ ಕಾಲುವೆಗೆ ಒರಟುತನ 0.025 ಎಂದಿಟ್ಟರೆ ವೇಗ ಸೆಕೆಂಡಿಗೆ 1.4 ಮೀ., ಹರಿವು 110 ಘನಮೀಟರ್, ಅಂದರೆ ಸುಮಾರು 3,900 ಕ್ಯೂಸೆಕ್. ಇದೇ ಕಾಲುವೆಯಲ್ಲಿ ಪೊದೆ ಬೆಳೆದು ಒರಟುತನ 0.05 ಆದರೆ ಹರಿವು ನೇರ ಅರ್ಧ. ತಳದಲ್ಲಿ ಅರ್ಧ ಮೀಟರ್ ಹೂಳು ತುಂಬಿದರೆ, ಉಳಿದದ್ದೆಲ್ಲ ಚೆನ್ನಾಗಿದ್ದರೂ, ಐದನೇ ಒಂದು ಭಾಗ ಹೋಯಿತು. ಹೂಳೆತ್ತುವ ಟೆಂಡರಿಗೆ ಇರುವ ಉತ್ಸಾಹ ಪೊದೆ ಕಡಿಯುವುದಕ್ಕೆ ಇರುವುದಿಲ್ಲ, ಲೆಕ್ಕ ಮಾತ್ರ ಪೊದೆಯ ಕಡೆಗೇ ಬೆರಳು ಮಾಡುತ್ತದೆ. ಹಾಗಾಗಿ ನಾನು 0.025ಕ್ಕೆ ಗಾತ್ರ ನಿಗದಿ ಮಾಡುವುದಿಲ್ಲ, 0.035 ಇಟ್ಟು ಅಗಲ ಬಿಡುತ್ತೇನೆ. ನೀರಿನ ಮೇಲೆ ಏರಿಗೆ 0.75 ಮೀ. ಹೆಚ್ಚುವರಿ ಎತ್ತರ ಕೊಡುತ್ತೇನೆ. ಸೇತುವೆಯಿದ್ದರೆ ಕಸ ಸಿಕ್ಕಿದ ಕಂಬವನ್ನು ಎರಡರಷ್ಟು ದಪ್ಪ ಎಂದೇ ಹಿಡಿಯುತ್ತೇನೆ.

ಕೊನೆಯಲ್ಲಿ ಹೊರಬಾಯಿ. ಕಾಲುವೆ ಮತ್ತೆ ನದಿ ಸೇರುವಲ್ಲಿ ನದಿಯೇ ತುಂಬಿದ್ದರೆ ನೀರು ಹಿಂದಕ್ಕೆ ಒತ್ತಿ, ಕೆಳಗಿನ ಕೆಲವು ಕಿಲೋಮೀಟರ್ ಕಾಲುವೆ ನಿಂತ ಕೆರೆಯಂತಾಗುತ್ತದೆ. ಆದ್ದರಿಂದ ಸೂತ್ರದ ಒಂದೇ ಆಳ ನಂಬದೆ, ಹೊರಬಾಯಿಯ ನೆರೆಮಟ್ಟದಿಂದ ಶುರುಮಾಡಿ ಹಂತಹಂತವಾಗಿ ಮೇಲಕ್ಕೆ ನೀರಿನ ಮಟ್ಟ ಎಳೆಯಬೇಕು. ನದಿ ಇಳಿದಿದ್ದಾಗ ತೊಂದರೆ ಬೇರೆ: ನೀರು ಎತ್ತರದಿಂದ ಧುಮುಕಿ ತಳ ಕೊರೆಯುತ್ತದೆ. ಅಲ್ಲಿ ಕಾಂಕ್ರೀಟು ಇಳಿಜಾರು, ಅದರ ಬುಡದಲ್ಲಿ ನೀರಿನ ರಭಸ ಮುರಿಯುವ ತೊಟ್ಟಿ, ಮುಂದೆ ದಪ್ಪ ಕಲ್ಲಿನ ಹಾಸು.